ಮುದ್ದಯ್ಯನ ಕೈ, ಊರಿನ ಮಿಕ್ಸರ್

ಸೀಗೆಕಟ್ಟೆಯ ಕ್ಷೌರದಂಗಡಿ ಮುದ್ದಯ್ಯನಿಗೆ ಊರಿನ ಗಡ್ಡವೆಲ್ಲ ಗೊತ್ತು. ಅವನ ಗುಟ್ಟು ಮಾತ್ರ ಊರಿಗೆ ಗೊತ್ತಿರಲಿಲ್ಲ. ಸುಮ್ಮನೆ ಕೂತರೆ ಸಾಕು, ಬಲಗೈ ತಾನೇ ತಾನಾಗಿ ನಡುಗುತ್ತಿತ್ತು. ಬೆರಳುಗಳು ಅವರೆಕಾಳು ಹಿಸುಕಿದ ಹಾಗೆ ಆಡುತ್ತಿದ್ದವು. ಗಿರಾಕಿ ಬಂದರೆ ಕತ್ತಿ ಹಿಡಿಯುತ್ತಿದ್ದ, ಇಲ್ಲದಾಗ ಕೈಯನ್ನು ತೊಡೆಯ ಕೆಳಗೆ ತುರುಕುತ್ತಿದ್ದ. ನಡುಗುವ ಕೈಗೆ ಯಾರು ಗಲ್ಲ ಒಡ್ಡುತ್ತಾರೆ? ಗೊತ್ತಾದ ದಿನವೇ ಅಂಗಡಿಗೆ ಬೀಗ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಪಾರ್ಕಿನ್ಸನ್ ಅನ್ನೋ ನಡುಕದ ಕಾಯಿಲೆ ಹಳ್ಳಿಗಳಲ್ಲಿ ಎಷ್ಟು ಜನಕ್ಕಿದೆ ಅಂತ ಎಣಿಸೋದಕ್ಕೆ ಡಾಕ್ಟರಮ್ಮ ಮನೆಮನೆಗೆ ಬರುತ್ತಾರಂತೆ!

ಅವರು ಬಂದರೆ ಮುದ್ದಯ್ಯನ ಗುಟ್ಟು ಬಯಲು. ಆದರೆ ಊರವರ ತಲೆ ಬೋಳಿಸುವವನ ತಲೆಯೇನು ಸಾಮಾನ್ಯವೇ? ಸೋಪು ಹಚ್ಚುತ್ತಾ ಗೂಳಪ್ಪನ ಕಿವಿಯಲ್ಲಿ ಪಿಸುಗುಟ್ಟಿದ.

"ಕೈ ನಡುಗೋರಿಗೆ ಚಟ್ನಿ ರುಬ್ಬೋ ಮಿಕ್ಸರ್ ಬಿಟ್ಟಿ ಕೊಡ್ತಾರಂತೆ ಕಣಪ್ಪ. ಯಾರಿಗೂ ಹೇಳಬೇಡ."

ಗೂಳಪ್ಪ ಯಾರಿಗೂ ಹೇಳಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಊರೇ ನಡುಗಿದರೆ ತನ್ನದೊಂದು ನಡುಕ ಯಾರ ಕಣ್ಣಿಗೆ ಬಿದ್ದೀತು ಅನ್ನೋದು ಮುದ್ದಯ್ಯನ ಉಪಾಯ.

ಡಾಕ್ಟರಮ್ಮ ಮನೆಗೆ ಬರೋತನಕ ಯಾರಿಗೆ ತಾಳ್ಮೆ? ಅವರು ಜೀಪಿನಿಂದ ಇಳಿಯುವಷ್ಟರಲ್ಲಿ ಊರೆಲ್ಲ ಶಾಲೆಯ ಜಗಲಿ ಮೇಲೆ ನಡುಗುತ್ತಾ ಕೂತಿತ್ತು. ಗೂಳಪ್ಪ ತಲೆ, ಕೈ, ಹೊಟ್ಟೆ ಎಲ್ಲವನ್ನೂ ಕುಣಿಸುತ್ತಿದ್ದ. ಸಣ್ಣೀರಮ್ಮನ ನಡುಕಕ್ಕೆ ಬಳೆಯೇ ಒಡೆದುಹೋಯಿತು. ಅವರ ನಡುವೆ ಮುದ್ದಯ್ಯ ಕೈಯನ್ನು ಬಚ್ಚಿಡದೆ ಹಾಯಾಗಿ ಕೂತಿದ್ದ.

ಡಾಕ್ಟರಮ್ಮ ಒಂದು ಸುತ್ತು ನೋಡಿ ನಕ್ಕರು.

"ಎಲ್ಲರೂ ಕೈಯನ್ನ ತೊಡೆ ಮೇಲೆ ಸಡಿಲ ಬಿಡಿ. ಕಣ್ಣು ಮುಚ್ಚಿ. ಶನಿವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿ."

"ಶನಿವಾರ... ಶುಕ್ರವಾರ... ತಡೀರಿ ತಡೀರಿ..."

ಗೂಳಪ್ಪ ಗುರುವಾರ ಹುಡುಕುವುದರಲ್ಲಿ ನಡುಗುವುದನ್ನೇ ಮರೆತ. ಸಣ್ಣೀರಮ್ಮ ಬುಧವಾರದಲ್ಲಿ ಸಿಕ್ಕಿಕೊಂಡಳು. ಒಂದೊಂದೇ ಕೈ ತೆಪ್ಪಗಾಯಿತು. ಮುದ್ದಯ್ಯನ ಕೈ ಮಾತ್ರ, ಅವನು ಯೋಚಿಸಿದಷ್ಟೂ ಜೋರಾಗಿ ಅವರೆಕಾಳು ಹಿಸುಕುತ್ತಿತ್ತು.

ಅವನು ಕಣ್ಣು ಬಿಟ್ಟಾಗ ಊರೆಲ್ಲ ಆ ಕೈಯನ್ನೇ ನೋಡುತ್ತಿತ್ತು.

"ಕ್ಷೌರದ ಕೈ ಇದು. ನನ್ನ ಅನ್ನ ಹೋಯ್ತು ತಾಯಿ" ಅಂದ ಮುದ್ದಯ್ಯ.

ಡಾಕ್ಟರಮ್ಮ ತುಂಬಿದ ನೀರಿನ ಲೋಟ ಚಾಚಿದರು. "ಹಿಡೀರಿ ಯಜಮಾನರೇ."

ಹಿಡಿದ. ಹನಿ ಚೆಲ್ಲಲಿಲ್ಲ.

"ನೋಡಿದ್ರಾ? ಖಾಲಿ ಇದ್ದಾಗ ನಡುಗೋ ಕೈ, ಕೆಲಸ ಕೊಟ್ಟರೆ ಸುಮ್ಮನಾಗುತ್ತೆ. ಇನ್ನೂ ಮುಚ್ಚಿಟ್ಟಿದ್ರೆ ಕತ್ತಿ ಹಿಡಿದಾಗಲೂ ನಡುಗೋ ಕಾಲ ಬರ್ತಿತ್ತೇನೋ. ಇದಕ್ಕೆ ಮಾತ್ರೆ ಇದೆ. ಈ ಊರಲ್ಲಿ ಯಾರಿಗೂ ಇಲ್ಲ ಅಂತ ನಾನು ಬರ್ಕೊಂಡು ಹೋಗಿದ್ರೆ ಮಾತ್ರೆ ಈ ಕಡೆ ಯಾಕೆ ಬರುತ್ತೆ? ಎಲ್ಲರಿಗೂ ಇದೆ ಅಂದಿದ್ರೆ ನನ್ನ ಮಾತು ಯಾರು ನಂಬ್ತಾರೆ?"

ಮುದ್ದಯ್ಯ ಲೋಟ ಕೆಳಗಿಟ್ಟ. ಇಷ್ಟು ದಿನ ತೊಡೆಯ ಕೆಳಗೆ ಜೋಮು ಹಿಡಿದಿದ್ದ ಕೈಗೆ ಈಗ ಗಾಳಿ ಆಡಿದ ಹಾಗಾಯಿತು.

ಗೂಳಪ್ಪ ಎದ್ದು ಹೋಗಿ ಜೀಪಿನೊಳಗೆಲ್ಲ ಇಣುಕಿ ನೋಡಿ ಬಂದ. "ಇಲ್ಲದ ಮಿಕ್ಸರ್ ಆಸೆ ಹಚ್ಚಿದೆಯಲ್ಲ ಮುದ್ದಣ್ಣ! ಅದಕ್ಕೆ ದಂಡ, ನಾಳೆ ನಂಗೆ ಬಿಟ್ಟಿ ಶೇವಿಂಗು. ಮೂಗು ಮಾತ್ರ ಉಳಿಸಪ್ಪ."

"ಮೂಗು ಉಳಿಸ್ತೀನಿ. ನಿನ್ನ ಬಾಯಿಗೇ ಹೊಲಿಗೆ ಹಾಕಬೇಕು!"

ಜಗಲಿಯೆಲ್ಲ ನಕ್ಕಿತು. ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಮೊದಲು ಗಲ್ಲ ಒಡ್ಡಿ ಕೂತವನು ಗೂಳಪ್ಪನೇ.

ನೀತಿ: ಇರುವ ಕಾಯಿಲೆ ಮುಚ್ಚಿಡಬೇಡಿ, ಇಲ್ಲದ ಕಾಯಿಲೆ ನಟಿಸಬೇಡಿ. ಎಣಿಸಲು ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೇನೇ ಮದ್ದು ಸರಿಯಾದ ಮನೆಯ ಬಾಗಿಲು ತಟ್ಟುವುದು. ಮಿಕ್ಸರ್ ಬೇಕಾದವರು ಅಂಗಡಿಗೆ ಹೋಗಿ.