ದುರಗನ ನುಡಿ

ದಸ್ತಗೀರ ಮಾಸ್ತರರ ಹತ್ತಿರ ಲಾವಣಿ ಕಲಿಯುವುದೆಂದರೆ ಹೊಳೆ ದಂಡೆಯಲ್ಲಿ ಕೂತು ಬೈಸಿಕೊಳ್ಳುವುದು. ಯಮನಪ್ಪ ಒಂಬತ್ತು ವರ್ಷದಿಂದ ಬೈಸಿಕೊಳ್ಳುತ್ತಿದ್ದ.

ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದ ಗುಡ್ಡದ ಬಂಡಾಯಗಾರರ ಪದ ಅದು. ಒಟ್ಟು ಹನ್ನೆರಡು ನುಡಿ. ಹನ್ನೊಂದನ್ನು ಮಾಸ್ತರರು ಒಪ್ಪಿದ್ದರು. ಉಳಿದದ್ದು ದುರಗನ ನುಡಿ ಒಂದೇ. ಬಂಡಾಯಗಾರರು ಅಡಗಿದ್ದ ಗವಿಯನ್ನು ಕಂಪನಿಯ ದಂಡಿಗೆ ತೋರಿಸಿಕೊಟ್ಟವನು ಈ ದುರಗ.

ಬರುವ ಸೋಮವಾರ ಧಾರವಾಡದಲ್ಲಿ ರೆಕಾರ್ಡಿಂಗ್ ಇತ್ತು. ಹೋರಾಟದ ಪದಗಳ ಆಲ್ಬಮ್, ಯಮನಪ್ಪನ ಜೀವನದ ಮೊದಲನೆಯ ಆಲ್ಬಮ್. ಗುರು ಒಪ್ಪದ ನುಡಿಯನ್ನು ಊರ ಹೊರಗೆ ಹಾಡಬಾರದೆಂಬುದು ಮಾಸ್ತರರ ಮೇಳದ ಕಟ್ಟುಪಾಡು. ಒಂದು ನುಡಿ ಬಿಟ್ಟರೆ ಪದವೇ ನಿಲ್ಲುವುದಿಲ್ಲ. ಯಮನಪ್ಪನಿಗೆ ನಿದ್ದೆ ಹಾರಿಹೋಗಿತ್ತು.

"ಹಾಡು," ಎಂದರು ಮಾಸ್ತರರು, ಶೇಂಗಾ ಸುಲಿಯುತ್ತಾ.

ಯಮನಪ್ಪ ದಪ್ಪು ಎತ್ತಿಕೊಂಡ. ಹಿಂದೆ ಸಾತೀರಪ್ಪ ತುಂತುಣಿಯ ತಂತಿ ಬಿಗಿ ಮಾಡಿದ. ಒಂಬತ್ತು ವರ್ಷವೂ ಯಮನಪ್ಪನ ಬೆನ್ನ ಹಿಂದೆ ನಿಂತು 'ಜೀ ಜೀ' ಎಂದು ದನಿ ಕೂಡಿಸಿದವನು ಅವನೇ. ವಯಸ್ಸಾಗಿ ಗಂಟಲು ಈಚೆಗೆ ಒಡೆಯುತ್ತಿತ್ತು.

"ಬಾಯಿಲೆ ಹೇಳಲಿಲ್ಲೋ ದುರಗ, ಬರೇ ಕೈಯ ಎತ್ತಿ ತೋರ್ಯಾನ,
ದಂಡು ಗುಡ್ಡ ಏರೂತನಕ ನಿಂತು, ಮನಿಗೆ ಹೋಗಿ ಉಂಡಾನ..."

"ಜೀ ಜೀ..." ಎಂದ ಸಾತೀರಪ್ಪ.

"ಬ್ಯಾಡ," ಎಂದರು ಮಾಸ್ತರರು.

"ಶ್ರುತಿ ತಪ್ಪಿತೇನ್ರಿ?"

"ಇಲ್ಲ."

"ತಾಳ?"

"ಇಲ್ಲ."

"ಮತ್ತೇನ್ರಿ ಮಾಸ್ತರ!"

"ಸಿಟ್ಟು ಬಾಳ ಆತು. ದುರಗನ ಮಾರಿ ಮ್ಯಾಲೆ ಉಗುಳಿದಂಗ ಹಾಡಾಕ್ಹತ್ತೀದಿ."

"ದ್ರೋಹಿ ಅಲ್ಲೇನ್ರಿ ಅವ? ಉಗುಳಬಾರದೇನು?"

ಮಾಸ್ತರರು ಶೇಂಗಾ ಸಿಪ್ಪೆಯನ್ನು ಅವನ ಮೇಲೆ ಒಗೆದರು. ಅದೇ ಉತ್ತರ.

ಮರುದಿನ ಯಮನಪ್ಪ ಸಿಟ್ಟನ್ನೆಲ್ಲ ನುಂಗಿಕೊಂಡು ಮೆತ್ತಗೆ ಹಾಡಿದ.

"ಬ್ಯಾಡ. ಉಪ್ಪಿಲ್ಲ."

ಮೂರನೆಯ ದಿನ ಅಳುತ್ತಾ ಹಾಡಿದ. ನಿಜವಾಗಿಯೂ ಎರಡು ಹನಿ ಕಣ್ಣೀರು ಬಂತು. ಬೇಸರಕ್ಕೆ ಬಂತೋ ಹಾಡಿಗೆ ಬಂತೋ, ಅವನಿಗೂ ಗೊತ್ತಾಗಲಿಲ್ಲ.

"ಬ್ಯಾಡ. ದುರಗ ಅಳಲಿಲ್ಲ. ನೀ ಯಾಕ ಅಳತೀ?"

ಯಮನಪ್ಪನ ತಲೆ ಕೆಟ್ಟಿತು. ದಪ್ಪನ್ನು ನೆಲಕ್ಕೆ ಕುಕ್ಕಿದ.

"ಮಾಸ್ತರ, ಸ್ಟುಡಿಯೋದ ಸಾಹೇಬ್ರು ಐರ್ಲೆಂಡ್ ದೇಶದ ಒಂದು ಆಲ್ಬಮ್ ಹಚ್ಚಿ ಕೇಳಿಸಿದ್ರು. ಅಲ್ಲೀನೂ ಇಂಗ್ರೇಜರದಾ ಸರ್ಕಾರ, ಅಲ್ಲೀನೂ ಗಲ್ಲು, ಅಲ್ಲೀನೂ ಒಬ್ಬಾಂವ ತೋರಿಸಿಕೊಟ್ಟಾಂವ. ಸಾಹೇಬ್ರು ಅರ್ಥಾ ಬಿಡಿಸಿ ಹೇಳಿದ್ರು. ಆ ಮಂದಿ ಎಲ್ಲಾ ಹಾಡಿ ಮುಗಿಸ್ಯಾರ್ರಿ! ನಾವು ಒಂದು ನುಡಿಗೆ ಇಷ್ಟು ಒದ್ದಾಡೋದೇನು?"

ಮಾಸ್ತರರ ಕೈ ನಿಂತಿತು.

"ತೋರಿಸಿಕೊಟ್ಟಾವನ ನುಡಿ ಹೆಂಗ ಹಾಡ್ಯಾರ?"

"ಅಲ್ಲಿಗೆ ಬಂದಾಗ ಹಾಡಾಂವ ದನಿ ಇಳಿಸಿಬಿಟ್ಟ. ದಮ್ಮು ಸಾಲಿರಲಿಕ್ಕಿಲ್ಲ."

"ದಮ್ಮು ಸಾಲಿರಲಿಕ್ಕಿಲ್ಲ!" ಮಾಸ್ತರರು ಹಣೆ ಬಡಿದುಕೊಂಡರು. "ಒಂಬತ್ತು ವರ್ಷ ಈ ಕಲ್ಲಿಗೆ ಕಲಿಸಿದ್ರ ಇಷ್ಟೊತ್ತಿಗೆ ಕಲ್ಲು ಹಾಡತಿತ್ತು. ಏಳು, ಮನಿಗೆ ನಡಿ."

ದಾರಿಯಲ್ಲಿ ಸಾತೀರಪ್ಪ ಅವನ ಹೆಗಲ ಮೇಲೆ ಕೈ ಹಾಕಿದ. "ಬೇಜಾರ ಆಗಬ್ಯಾಡ ತಮ್ಮಾ. ನಾಳೆ ಬೈತಾರ, ನಾಡದು ಒಪ್ತಾರ. ನಾ ಇದೀನಲ್ಲ ಹಿಂದ." ಈ ಮುದುಕನಿಗೆ ಸಮಾಧಾನ ಹೇಳುವುದೊಂದು ಗೀಳು ಎಂದು ಯಮನಪ್ಪ ಒಳಗೊಳಗೇ ರೇಗಿದ.

ಶುಕ್ರವಾರ ದನಿ ಪರೀಕ್ಷೆಗೆಂದು ಇಬ್ಬರೂ ಧಾರವಾಡಕ್ಕೆ ಹೋದರು.

ಶನಿವಾರ ಬೆಳಿಗ್ಗೆ ಯಮನಪ್ಪ ಹೊಳೆ ದಂಡೆಗೆ ಒಬ್ಬನೇ ಬಂದ.

"ಸಾತೀರ ಎಲ್ಲಿ?"

"ಬರಂಗಿಲ್ರಿ."

"ಯಾಕ? ಜ್ವರಾ ಬಂತೇನು?"

"ಇಲ್ರಿ." ಯಮನಪ್ಪ ಕೆಳಗೆ ನೋಡುತ್ತಾ ದಪ್ಪಿನ ಬಳೆ ಒರೆಸಿದ. "ತುಂತುಣಿ ಸಪ್ಪಳಾ ಮಷೀನಿನ್ಯಾಗ ಐತಂತ್ರಿ. ಜೀ ಜೀ ಅನ್ನಾಕ ಅಲ್ಲೇ ಬ್ಯಾರೆ ದನಿ ಅದಾವಂತ. ಇವರದು ಒಡಕು ದನಿ, ಬ್ಯಾಡ ಅಂದ್ರು ಸ್ಟುಡಿಯೋದ ಸಾಹೇಬ್ರು."

"ನೀ ಏನಂದಿ?"

"ನಾ ಏನೂ ಅನಲಿಲ್ರಿ."

"ಏನೂ?"

"ಇವರಿಲ್ದ ನಡೀತದಲ್ಲ ಅಂತ ಕೇಳಿದ್ರು." ಯಮನಪ್ಪನ ದನಿಯಲ್ಲಿ ಈಗ ಸ್ವಲ್ಪ ಸಿಡುಕು ಬಂದಿತ್ತು. "ಬರೇ ತಲೀ ಆಡಿಸಿದೆ. ಬಾಯಿಲೆ ಒಂದು ಮಾತು ಆಡಿದ್ರ ಕೇಳ್ರಿ ನನ್ನ."

"ಸಾತೀರ ಎಲ್ಲಿದ್ದ ಆವಾಗ?"

"ಬಾಗಿಲದಾಗ ನಿಂತಿದ್ದ. ತುಂತುಣಿ ಬಗಲಾಗ ಹಿಡಕೊಂಡು ಹೊಂಟು ಹೋದ. ಮೂಲಿ ದಾಟೂತನಕ ನೋಡಿದ್ನಿರಿ, ತಿರುಗಲಿಲ್ಲ."

"ಆಮ್ಯಾಲೆ ನೀ ಏನು ಮಾಡಿದಿ?"

"ಖಾನಾವಳಿಗೆ ಹೋಗಿ ಉಂಡೆ. ಬಸ್ ಹತ್ತಿದೆ."

ಬೈಗುಳ ಬರುತ್ತದೆಂದು ಯಮನಪ್ಪ ಹೆಗಲು ಗಟ್ಟಿ ಮಾಡಿಕೊಂಡ. ಬರಲಿಲ್ಲ. ಮಾಸ್ತರರು ಶೇಂಗಾ ಚೀಲದ ಬಾಯಿ ಕಟ್ಟಿ ಬದಿಗಿಟ್ಟರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಯಮನಪ್ಪನಿಗೆ ಅವರ ಹೆದರಿಕೆಯಾಯಿತು.

"ಹಾಡು."

"ಯಾವ ನುಡಿ ರೀ?"

"ಅದನ್ನ."

ಯಮನಪ್ಪ ದಪ್ಪು ಎತ್ತಿಕೊಂಡ.

"ಬಾಯಿಲೆ ಹೇಳಲಿಲ್ಲೋ ದುರಗ..."

ಅಷ್ಟಕ್ಕೇ ದನಿ ಕೆಳಗಿಳಿಯಿತು. ಅವನು ಇಳಿಸಿದ್ದಲ್ಲ. ಮೇಲೆತ್ತಲು ನೋಡಿದ, ಆಗಲಿಲ್ಲ. ಕೈಯ ಎತ್ತಿ ತೋರ್ಯಾನ ಎಂಬಲ್ಲಿ ಕಿವಿಯವರೆಗೂ ಬಿಸಿಯಾಯಿತು. ದಂಡು ಗುಡ್ಡ ಏರೂತನಕ ನಿಂತದ್ದನ್ನು ಹೇಗೋ ದಾಟಿದ. ಕೊನೆಗೆ ಉಂಡಾನ ಎಂಬ ಮಾತು ಉಳಿಯಿತು. ಅದನ್ನು ಹೊರಗೆ ಹಾಕುವಷ್ಟರಲ್ಲಿ ನಾಚಿಕೆಯಿಂದ ಸತ್ತುಹೋಗಬಾರದೇ ಅನ್ನಿಸಿತು.

ನುಡಿ ಮುಗಿಯಿತು. ರೂಢಿಯಂತೆ ಅವನು ಹಿಂದಿನ ದನಿಗಾಗಿ ಕಾದ. ಹೊಳೆಯ ಸಪ್ಪಳ ಮಾತ್ರ ಕೇಳಿತು. ತಿರುಗಿ ನೋಡಿದ. ಸಾತೀರಪ್ಪ ನಿಲ್ಲುತ್ತಿದ್ದ ಬಂಡೆ ಬರಿದಾಗಿತ್ತು.

ಮಾಸ್ತರರು ಈ ಸಲ ತಡೆದಿರಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಯಮನಪ್ಪನಿಗೆ ಹೊಳೆಯಿತು.

"ಮಾಸ್ತರ," ಎಂದ, ತನಗೇ ಕೇಳದಷ್ಟು ಮೆಲ್ಲಗೆ. "ನುಡಿ ಬಂತೇನ್ರಿ?"

"ಬಂತು," ಎಂದರು ಮಾಸ್ತರರು. "ಜೀ ಜೀ ಅನ್ನಾಂವ ಎಲ್ಲಿ?"