ಬೀಗ ಹಾಕಿದ ಕೂಸಿನ ಮನೆ

"ಕೆಂಜಳ್ಳಿ ಸೀಮೆಯ ಜನರೇ, ಕೇಳಿ. ಅರಸುಕುವರಿ ಪದುಮಲೆ ಮೂರು ಒಗಟು ಕೇಳುತ್ತಾಳೆ. ಒಡೆದವನಿಗೆ ಕೂಸಿನ ಮನೆಗಳ ಮೇಲ್ವಿಚಾರಣೆ, ಜೊತೆಗೆ ಅರ್ಧ ಸೀಮೆ. ತಪ್ಪಿದವನಿಗೆ ತಲೆದಂಡ." ಹೀಗೆಂದು ಊರೂರಲ್ಲಿ ಡಂಗುರ ಹೊಡೆದರು.

ಕೆರೆ ಕಟ್ಟಲು ಹೋಗುವ ತಾಯಂದಿರ ಮಕ್ಕಳನ್ನು ಕೆಲವು ಹೆಂಗಸರು ತಮ್ಮ ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು. ಅವನ್ನು ಕೂಸಿನ ಮನೆ ಎನ್ನುತ್ತಿದ್ದರು. ಆ ಮಕ್ಕಳ ಊಟಕ್ಕೆಂದು ಅರಮನೆಯಿಂದ ಅಕ್ಕಿ, ಬೇಳೆ, ಬೆಲ್ಲ ಹೋಗುತ್ತಿತ್ತು. ಅಂಥದೊಂದು ಮನೆಗೆ ಬೆಂಕಿ ಬಿದ್ದು ಮಕ್ಕಳು ಉಳಿಯಲಿಲ್ಲ. ಅದೇ ಬೆಳಿಗ್ಗೆ ಅಧಿಕಾರಿಯೊಬ್ಬ ಪಲ್ಲಕ್ಕಿಯಲ್ಲಿ ಬಂದು, ಎಲ್ಲ ಸರಿಯಿದೆ ಎಂದು ಹೇಳಿಹೋಗಿದ್ದ. ಅಂದಿನಿಂದ ಪದುಮಲೆ ಯಾರ ಜೊತೆಗೂ ಕೂತು ಉಣ್ಣಲಿಲ್ಲ. ಊಹೆಯ ಮೇಲೆ ಮಾತಾಡುವವನು ಇನ್ನು ತನ್ನ ತಲೆಯನ್ನೇ ಪಣವಿಡಲಿ ಎಂದು ಹಟ ಹಿಡಿದಳು.

ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಿದ್ದಳು. ಸೆಟ್ಟರ ಮಗ ಮೊದಲ ಒಗಟಿಗೇ ಬಾಲಕೃಷ್ಣನ ಹೆಸರು ಹೇಳಿ ತಲೆ ಕಳೆದುಕೊಂಡ. ದಳವಾಯಿಯ ಮಗ ಅದನ್ನು ದಾಟಿದ; ಎರಡನೆಯದಕ್ಕೆ ಮದುವೆ ಮನೆ ಎಂದು ಹೇಳಿ ಅವನೂ ಹೋದ. ಆಮೇಲೆ ಬಹಳ ದಿನ ಯಾರೂ ಬರಲಿಲ್ಲ.

ಕೊನೆಗೆ ಕಂಬಳಿ ನೇಯುವ ಮಾಳಿಂಗ ಬಂದ. ತಾಯಿ ತೀರಿಕೊಂಡ ಮೇಲೆ ಅವನಿಗೆ ತನ್ನವರೆಂದು ಯಾರೂ ಇರಲಿಲ್ಲ. ಹೋಗಬೇಡ ಎಂದು ತಡೆಯುವವರೂ ಇರಲಿಲ್ಲ.

"ದಿನಾ ಎಲೆ ಹಾಕುತ್ತಾರೆ, ಪಾಲೂ ಮುಗಿಯುತ್ತದೆ, ಆದರೆ ಆ ಕೂಸಿನ ಮೂಗು ಒರೆಸಿದವರಿಲ್ಲ. ಯಾರದು?" ಎಂದು ಪದುಮಲೆ ಕೇಳಿದಳು.

"ಹುಟ್ಟದೇ ಇರುವ ಕೂಸು, ಅಮ್ಮಣ್ಣಿ. ಹೆಸರು ಮಾತ್ರ ಇರುತ್ತದೆ. ಅದರ ಪಾಲಿನ ಅಕ್ಕಿ ಮನೆಯೊಡತಿಯ ಕಣಜ ಸೇರುತ್ತದೆ."

"ಪಲ್ಲಕ್ಕಿ ಬಂದರೆ ತುಂಬುವ ಮನೆ, ಹೋದರೆ ಬರಿದಾಗುವ ಮನೆ ಯಾವುದು?"

ಅದೂ ಕೂಸಿನ ಮನೆಯೇ ಎಂದ ಮಾಳಿಂಗ. ಅಧಿಕಾರಿ ಬರುವ ಸುದ್ದಿ ಸಿಕ್ಕೊಡನೆ ಬೀದಿಯ ಮಕ್ಕಳನ್ನು ಎರವಲು ತಂದು ಸಾಲಾಗಿ ಕೂರಿಸುತ್ತಾರೆ. ಅವನು ಹೋದ ಮೇಲೆ ಕಳಿಸಿಬಿಡುತ್ತಾರೆ ಎಂದು ವಿವರಿಸಿದ.

ಮೂರನೆಯದನ್ನು ಕೇಳುವಾಗ ಅವಳ ದನಿ ತಗ್ಗಿತು. "ಹೊರಗಿನಿಂದ ಬೀಗ ಹಾಕಿದ ಮನೆ. ಒಳಗೆ ಚಿನ್ನವಿಲ್ಲ, ಕಳ್ಳನೂ ಇಲ್ಲ. ಬೀಗ ಯಾರಿಗೆ?"

ಮಾಳಿಂಗ ತಲೆ ತಗ್ಗಿಸಿದ. ಕಾವಲಿನವನು ಕತ್ತಿಯ ಹಿಡಿಗೆ ಕೈ ಹಾಕಿದ.

"ನನಗೆ," ಎಂದ ಮಾಳಿಂಗ. "ಅವ್ವ ಕಲ್ಲು ಹೊರಲು ಹೋಗುತ್ತಿದ್ದಳು. ನೋಡಿಕೊಳ್ಳುತ್ತೇನೆ ಎಂದವಳು ಬೀಗ ಜಡಿದು ಸಂತೆಗೆ ಹೋಗುತ್ತಿದ್ದಳು. ಮೊದಮೊದಲು ಅಳುತ್ತಿದ್ದೆ. ಯಾರಿಗೂ ಕೇಳಿಸುವುದಿಲ್ಲ ಎಂದು ತಿಳಿದ ಮೇಲೆ ಬಿಟ್ಟೆ. ಸುಟ್ಟುಹೋದ ಆ ಮನೆಗೂ ಹೀಗೇ ಬೀಗ ಹಾಕಿತ್ತು, ಅಮ್ಮಣ್ಣಿ."

ಪದುಮಲೆ ತಾನೇ ಎದ್ದು ಬಂದು ಅಧಿಕಾರದ ಉಂಗುರವನ್ನು ಅವನ ಬೆರಳಿಗೆ ತೊಡಿಸಿದಳು.

ಮಾಳಿಂಗ ಪಲ್ಲಕ್ಕಿ ಹತ್ತಲಿಲ್ಲ. ಸುದ್ದಿ ಕೊಡದೆ, ನಡೆದೇ ಹೋದ. ಮಕ್ಕಳ ಪಾಲನ್ನು ಕದ್ದವರನ್ನು, ಬೀಗ ಹಾಕಿದವರನ್ನು ಹುಡುಕಿ ಆ ಕೆಲಸದಿಂದ ತೆಗೆದ. ಅರ್ಧ ಸೀಮೆಗೆ ಒಡೆಯನಾದರೂ ಅವನನ್ನು ಊಟಕ್ಕೆ ಕರೆಯಲು ಜನ ಹೆದರುತ್ತಿದ್ದರು.

ಒಂದು ಸಂಜೆ ಒಂದು ಮನೆಯ ಜಗಲಿಯಲ್ಲಿ ಹೆಣ್ಣುಕೂಸೊಂದು ತಾಯಿಗಾಗಿ ಕಾಯುತ್ತಿತ್ತು. ಉಳಿದ ಮಕ್ಕಳೆಲ್ಲ ಹೋಗಿದ್ದರು. ಮಾಳಿಂಗ ಅದರ ಪಕ್ಕ ಕೂತ. ಮನೆಗಳನ್ನು ಕಣ್ಣಾರೆ ನೋಡಲು ಹೊರಟಿದ್ದ ಪದುಮಲೆಯೂ ಬಂದು ಆ ಬದಿಗೆ ಕೂತಳು. ತಾಯಿ ಓಡೋಡಿ ಬಂದು ಕೂಸನ್ನು ಎತ್ತಿಕೊಂಡು ಹೋದಳು.

ಜಗಲಿಯಲ್ಲಿ ಇಬ್ಬರೇ ಉಳಿದರು.

"ಊಟ ಆಯಿತಾ?" ಎಂದಳು ಪದುಮಲೆ.

ತನ್ನ ತಾಯಿ ತೀರಿಕೊಂಡ ಮೇಲೆ ಆ ಮಾತನ್ನು ಯಾರೂ ಅವನಿಗೆ ಕೇಳಿರಲಿಲ್ಲ. "ಇಲ್ಲ," ಎಂದ.

"ನನ್ನದೂ ಆಗಿಲ್ಲ," ಎಂದು ಅವಳು ಎದ್ದಳು. "ಬಾ."