ಬೀದಿಗೆ ಸುರಿದ ಚರಟ

"ಗುರುಗಳೇ, ಜನರ ತಪ್ಪು ನಂಬಿಕೆ ಕಣ್ಣಿಗೆ ಬಿದ್ದರೆ ಅದನ್ನು ಆಗಿಂದಾಗಲೇ ಬಿಡಿಸುವುದು ತಿಳಿದವನ ಕರ್ತವ್ಯವಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ಔಷಧಾಲಯ ನೋಡಿಕೊಳ್ಳಲು ಮರುದಿನ ಅವನು ಒಂದು ಹಳ್ಳಿಗೆ ಹೊರಡುವವನಿದ್ದ. ಅಲ್ಲಿನ ಜನರಿಂದ ಏನೇನು ಬಿಡಿಸಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡಿದ್ದ.

ಗುರುಗಳು ನಕ್ಕರು. "ಹಳ್ಳಿಯನ್ನು ಇನ್ನೂ ಕಂಡೇ ಇಲ್ಲ, ಆಗಲೇ ಪಟ್ಟಿ ಸಿದ್ಧವಾಯಿತೇ! ಕುಳಿತುಕೋ. ಚೀನಾ ದೇಶದ ಒಬ್ಬ ವೈದ್ಯನ ಕತೆಯಿದೆ. ನಾನು ಆ ದೇಶ ನೋಡಿದವನಲ್ಲ, ಕೇಳಿದ್ದನ್ನು ಹೇಳುತ್ತೇನೆ."

ಆ ವೈದ್ಯನ ಊರಿನಲ್ಲಿ ಒಂದು ರೂಢಿಯಿತ್ತು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಬೇರು, ತೊಗಟೆ, ಸಿಪ್ಪೆಗಳನ್ನು ಮಣ್ಣಿನ ಗಡಿಗೆಯಲ್ಲಿ ಕುದಿಸಿ ಕಷಾಯ ಮಾಡುತ್ತಿದ್ದರು. ಸೋಸಿದ ಮೇಲೆ ಉಳಿದ ಚರಟವನ್ನು ಬಾಗಿಲ ಮುಂದೆ ಬೀದಿಗೆ ಸುರಿಯುತ್ತಿದ್ದರು. ಹೋಗಿ ಬರುವವರು ಅದನ್ನು ತುಳಿದರೆ ಕಾಯಿಲೆ ಅವರ ಕಾಲಿಗೆ ಅಂಟಿಕೊಂಡು ಊರಾಚೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಸಣ್ಣಪುಟ್ಟ ಕಾಯಿಲೆಗೆ ಯಾರೂ ವೈದ್ಯನ ಬಳಿ ಹೋಗುತ್ತಿರಲಿಲ್ಲ. ಕೆಮ್ಮಿಗೆ ಕಿತ್ತಳೆ ಸಿಪ್ಪೆ, ಭೇದಿಗೆ ದಾಳಿಂಬೆ ಸಿಪ್ಪೆ ಎಂದು ಪ್ರತಿ ಮನೆಯ ಅಜ್ಜಿಗೂ ಗೊತ್ತಿತ್ತು.

ಊರಿನ ವೈದ್ಯ ಮುದುಕ. ಅವನು ದಿನವೂ ಬೆಳಿಗ್ಗೆ ಎಲ್ಲ ಬೀದಿಗಳನ್ನೂ ಸುತ್ತುತ್ತಿದ್ದ. ಚರಟ ಕಂಡಲ್ಲಿ ನಿಂತು ಕೋಲಿನಿಂದ ಕೆದಕುತ್ತಿದ್ದ, ಬಗ್ಗಿ ಮೂಸುತ್ತಿದ್ದ. ಜೊತೆಯಲ್ಲಿ ನಡೆಯುತ್ತಿದ್ದ ಅವನ ತರುಣ ಶಿಷ್ಯನಿಗೆ ಇದನ್ನು ಕಂಡರೆ ಮುಜುಗರ. ಒಮ್ಮೊಮ್ಮೆ ಮುದುಕ, "ನಾಲ್ಕು ದಿನ ಮಕ್ಕಳನ್ನು ಆ ಬೀದಿಗೆ ಆಡಲು ಕಳಿಸಬೇಡಿ" ಎನ್ನುತ್ತಿದ್ದ. ಜನ ಹಾಗೇ ನಡೆದುಕೊಳ್ಳುತ್ತಿದ್ದರು. ಅವನಿಗೆ ಹೇಗೆ ತಿಳಿಯಿತು ಎಂದು ಶಿಷ್ಯ ಒಂದು ದಿನವೂ ಕೇಳಲಿಲ್ಲ. ಕೇಳದವನಿಗೆ ತಾನಾಗಿ ಹೇಳಿಕೊಡುವ ಅಭ್ಯಾಸ ಮುದುಕನಿಗೂ ಇರಲಿಲ್ಲ. ಅದು ಅವನ ತಪ್ಪು.

ಕಣ್ಣು ಮಂಜಾದ ಮೇಲೆ ಮುದುಕ ದೂರದ ಊರಿನಲ್ಲಿದ್ದ ಮಗಳ ಮನೆ ಸೇರಿದ. ತರುಣನೇ ಊರಿನ ವೈದ್ಯನಾದ. ಬುದ್ಧಿವಂತ, ಕೈಗುಣವೂ ಒಳ್ಳೆಯದು. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡಿದರೆ ರೋಗ ಇಂಥದೇ ಎಂದು ಹೇಳಿಬಿಡುತ್ತಿದ್ದ. ಅವನು ಮಾಡಿದ ಮೊದಲ ಕೆಲಸ ಊರವರನ್ನು ಸೇರಿಸಿ ಬುದ್ಧಿ ಹೇಳಿದ್ದು.

"ಕಾಯಿಲೆ ಕಾಲಿಗೆ ಅಂಟುತ್ತದೆ ಎನ್ನುವುದು ಸುಳ್ಳು. ನಿಜವೇ ಆಗಿದ್ದರೆ ಇನ್ನೂ ಕೆಟ್ಟದ್ದು. ನಿಮ್ಮ ಮನೆಯ ರೋಗವನ್ನು ನೆರೆಯವರ ಕಾಲಡಿಗೆ ಎಸೆಯಲು ನಿಮಗೆ ನಾಚಿಕೆಯಾಗುವುದಿಲ್ಲವೇ? ಹಿತ್ತಲಿನಲ್ಲಿ ಹೂಳಿ."

ಜನರಿಗೆ ನಿಜಕ್ಕೂ ನಾಚಿಕೆಯಾಯಿತು. ತಿಂಗಳೊಳಗೆ ಬೀದಿಗಳು ಚೊಕ್ಕಟವಾದವು. ಎಲ್ಲರೂ ತರುಣನನ್ನು ಹೊಗಳಿದರು.

ಮುಂದಿನ ಬೇಸಿಗೆಯಲ್ಲಿ ಒಬ್ಬ ಕುಂಬಾರ ತನ್ನ ಮಗಳನ್ನು ಹೊತ್ತು ತಂದ. ಆರು ವರ್ಷದ ಹುಡುಗಿ, ಭೇದಿಯಿಂದ ನಿತ್ರಾಣಳಾಗಿದ್ದಳು. ವೈದ್ಯ ಅವಳನ್ನು ತನ್ನ ಮನೆಯಲ್ಲೇ ಇರಿಸಿಕೊಂಡು ಮದ್ದು ಕೊಟ್ಟ. ಮೂರು ದಿನದಲ್ಲಿ ಗುಣವಾಯಿತು. ಮನೆಗೆ ಹೋದವಳು ವಾರದೊಳಗೆ ಮತ್ತೆ ಮಲಗಿದಳು. ಮತ್ತೆ ಮದ್ದು, ಮತ್ತೆ ಗುಣ. ಮೂರನೆಯ ಸಲ ಕರೆತಂದಾಗ ಅವಳಿಗೆ ಕಣ್ಣು ತೆರೆಯುವ ಶಕ್ತಿಯೂ ಇರಲಿಲ್ಲ. ಕುಂಬಾರ ವೈದ್ಯನ ಎರಡೂ ಕೈ ಹಿಡಿದುಕೊಂಡು ಅತ್ತ. ಕೊಟ್ಟ ಮದ್ದಿನಲ್ಲಿ ಎಲ್ಲಿ ತಪ್ಪಿದೆ ಎಂದು ವೈದ್ಯ ಹುಡುಕಿದ. ತಪ್ಪು ಸಿಗಲಿಲ್ಲ. ಅವನಿಗೆ ಭಯವಾಯಿತು. ಹುಡುಗಿಯನ್ನು ಹೆಂಡತಿಗೆ ಒಪ್ಪಿಸಿ, ಮುದುಕನಿದ್ದ ಊರಿಗೆ ಎಲ್ಲೂ ನಿಲ್ಲದೆ ನಡೆದ.

ಮುದುಕ ಎಲ್ಲವನ್ನೂ ಕೇಳಿಸಿಕೊಂಡ. ಮದ್ದಿನ ವಿಷಯ ಎತ್ತಲೇ ಇಲ್ಲ. "ಕುಂಬಾರನ ಅಕ್ಕಪಕ್ಕದ ಮನೆಗಳ ಚರಟ ಯಾವುದು?" ಎಂದ.

"ಈಗ ಯಾರೂ ಬೀದಿಗೆ ಸುರಿಯುವುದಿಲ್ಲ. ನಾನೇ ಬಿಡಿಸಿದೆ."

"ಹಾಗಾದರೆ ಹೋಗಿ ಅಗೆದು ನೋಡು" ಎಂದ ಮುದುಕ.

ತರುಣ ಗುದ್ದಲಿ ಹಿಡಿದು ಕುಂಬಾರನ ಬೀದಿಯ ಒಂದೊಂದೇ ಹಿತ್ತಲಿಗೆ ಹೋದ. ಹನ್ನೊಂದು ಮನೆಗಳಲ್ಲಿ ಹತ್ತು ಮನೆಗಳ ಮಣ್ಣಿನಿಂದ ದಾಳಿಂಬೆ ಸಿಪ್ಪೆ ಮೇಲೆ ಬಂತು. ಒಬ್ಬೊಬ್ಬರೂ ತಮ್ಮ ಮನೆಗೆ ಮಾತ್ರ ಹೀಗಾಗಿದೆ ಎಂದುಕೊಂಡು, ನಾಚಿ, ಬಾಯಿ ಮುಚ್ಚಿಕೊಂಡಿದ್ದರು. ಅವರೆಲ್ಲ ನೀರು ಸೇದುತ್ತಿದ್ದುದು ಒಂದೇ ಬಾವಿಯಿಂದ. ಹೋಗಿ ನೋಡಿದರೆ ಬಾವಿಯ ಕಲ್ಲುಗಳು ಸಡಿಲವಾಗಿ ಪಕ್ಕದ ಹಂದಿದೊಡ್ಡಿಯ ಕೊಳಕು ಒಳಗೆ ಇಳಿಯುತ್ತಿತ್ತು.

ಬಾವಿ ಮುಚ್ಚಿಸಿದರು. ಕುಂಬಾರನ ಮಗಳು ಬದುಕಿಕೊಂಡಳು.

ಆದರೆ ಹನ್ನೊಂದನೆಯ ಮನೆಯ ಹಿತ್ತಲಿನಲ್ಲಿ ತರುಣ ಗುದ್ದಲಿ ಎತ್ತಿದಾಗ ಆ ಮನೆಯ ಹೆಂಗಸು ಓಡಿ ಬಂದು ತಡೆದಿದ್ದಳು. "ಅಲ್ಲಿ ಅಗೆಯಬೇಡಿ ವೈದ್ಯರೇ, ಅಲ್ಲಿ ನನ್ನ ಮಗು ಇದೆ" ಎಂದಿದ್ದಳು. ಮಗು ತೀರಿಕೊಂಡು ಹದಿನೈದು ದಿನವಾಗಿತ್ತು. ಊರಿನ ವೈದ್ಯನಾಗಿದ್ದೂ ಅವನಿಗೆ ಅದು ಗೊತ್ತಾದದ್ದು ಅಂದೇ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ ಅವನು, ಚರಟವನ್ನು ಮೊದಲಿನಂತೆ ಬೀದಿಗೇ ಸುರಿಯಿರಿ ಎಂದು ಜನರಿಗೆ ಹೇಳಲಿಲ್ಲವೇ?" ಎಂದು ಕೇಳಿದ.

"ಮನೆಮನೆಗೂ ಹೋಗಿ ಕೈಮುಗಿದು ಹೇಳಿದ, ಆದರೆ ಅವನು ಕಲಿಸಿದ ನಾಚಿಕೆಯನ್ನು ಜನ ಅಷ್ಟರಲ್ಲಿ ಚೆನ್ನಾಗಿ ಕಲಿತುಬಿಟ್ಟಿದ್ದರು" ಎಂದರು ಗುರುಗಳು.